ಮೋಟಾರ್ ಬಿಚ್ಚಿ ನೋಡಿ ಊರು ಆರಿಸಿದೆವು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂವತ್ತೊಂದು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದೆ. ಅಣ್ಣಿಗೇರಿ, ನವಲಗುಂದ, ಗದಗ, ಶಿಗ್ಗಾಂವಿ ಕಡೆಯ ರೈತರು ಸುಟ್ಟ ಮೋಟಾರ್ ತಂದು ಅಂಗಡಿ ಮುಂದೆ ಇಳಿಸಿ, "ನಾಳೆ ಮುಂಜಾನೆ ಬೇಕ್ರೀ, ಬೆಳಿ ಒಣಗಾಕತ್ತೈತಿ" ಅನ್ನುತ್ತಿದ್ದರು. ರಾತ್ರಿಯೆಲ್ಲ ಕೂತು ಕಾಯಿಲ್ ಸುತ್ತಿ ಕೊಟ್ಟಿದ್ದೇನೆ. ಆ ಕಸುಬೇ ಮುಂದೆ ಇರೋ ಊರನ್ನೂ ಆರಿಸಿ ಕೊಡುತ್ತದೆ ಅಂತ ಆಗ ಅಂದುಕೊಂಡಿರಲಿಲ್ಲ.

2022ರಲ್ಲಿ ಮಗಳ ಮದುವೆ ಆಯಿತು. ಅಂಗಡಿಯನ್ನು ನನ್ನ ಹತ್ತಿರವೇ ಕೆಲಸ ಕಲಿತ ಹುಡುಗನಿಗೆ ಬಿಟ್ಟುಕೊಟ್ಟು, ಸಮುದ್ರದ ಕಡೆ ಒಂದು ಸಣ್ಣ ಊರಲ್ಲಿ ಇರೋಣ ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡೆವು. ನಲ್ಲಿ ನೀರಿಗೆ ದಿನಗಟ್ಟಲೆ ಕಾದು, ಮನೆ ತುಂಬ ಕೊಡ, ಡ್ರಮ್ಮು ತುಂಬಿಸಿಟ್ಟು ಅವಳಿಗೆ ಸಾಕಾಗಿತ್ತು. ಹಿತ್ತಲಲ್ಲಿ ಬಾವಿ ಇರಬೇಕು, ಬೇಕಾದಾಗ ನೀರು ಸೇದಬೇಕು ಅನ್ನೋದು ಅವಳ ಆಸೆ. ಮಲಗಿದಾಗ ಅಲೆಯ ಸದ್ದು ಕೇಳಬೇಕು ಅನ್ನೋದು ನನ್ನದು.

ಕಾರವಾರ ಜಿಲ್ಲಾ ಕೇಂದ್ರ, ನಮಗೆ ಅಷ್ಟು ದೊಡ್ಡದು ಬೇಡವಾಗಿತ್ತು. ಗೋಕರ್ಣದಲ್ಲಿ ವರ್ಷವಿಡೀ ಯಾತ್ರಿಕರು, ಪ್ರವಾಸಿಗರು. ಕಡೆಗೆ ಅಂಕೋಲಾ, ಕುಮಟಾ, ಹೊನ್ನಾವರ ಈ ಮೂರು ಉಳಿದವು. ಮೂರಕ್ಕೂ ಕೊಂಕಣ ರೈಲು ಇದೆ, ಮೂರೂ ರಾಷ್ಟ್ರೀಯ ಹೆದ್ದಾರಿ 66ರ ಮೇಲಿವೆ, ಮೂರರಲ್ಲೂ ಕನ್ನಡ ನಡೆಯುತ್ತದೆ.

ಮೊದಲನೇ ತಪ್ಪು ಡಿಸೆಂಬರ್‌ನಲ್ಲಿ ಹೋಗಿದ್ದು. ಆಗ ಕರಾವಳಿಯಲ್ಲಿ ಎಲ್ಲಾ ಊರೂ ಚಂದ. ಬಿಸಿಲು ಹದವಾಗಿರುತ್ತದೆ, ಬಾವಿಯಲ್ಲಿ ನೀರು ಕೈಗೆ ಸಿಗುವ ಹಾಗಿರುತ್ತದೆ. ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಕಡೆ, ಆರು ಗುಂಟೆ ಜಾಗ ತೋರಿಸಿದರು. ತೆಂಗಿನ ಮರ, ಹಳೇ ಹೆಂಚಿನ ಮನೆ, ಹಿತ್ತಲಲ್ಲಿ ಬಾವಿ. ಹೆಂಡತಿ ಕೊಡಪಾನ ಇಳಿಸಿ ನೀರು ಸೇದಿ ಕುಡಿದಳು. "ಸಕ್ಕರಿ ಆಗೇತ್ರೀ ನೀರು" ಅಂದಳು. ಅವತ್ತೇ 25,000 ರೂಪಾಯಿ ಮುಂಗಡ ಕೊಟ್ಟುಬಿಟ್ಟೆ.

ಕಾಗದ ಪತ್ರ ತಡವಾಯಿತು, ಮೇ ತಿಂಗಳು ಬಂತು. ಜಾಗದವರನ್ನು ಕಾಣಲು ಹೋದವನು ಹೊನ್ನಾವರದ ಪೇಟೆಯಲ್ಲಿ ಒಂದು ವೈಂಡಿಂಗ್ ಅಂಗಡಿ ಕಂಡು ಸುಮ್ನೆ ಒಳಗೆ ಹೋದೆ. ಕಸುಬಿನ ಸೆಳೆತ. ವಾರ್ನಿಷ್ ವಾಸನೆ ಬಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ಅಂಗಡಿಯವನಿಗೆ ಮೂವತ್ತೈದು ವರ್ಷ ಇರಬಹುದು. ನಾನೂ ಇದೇ ಕೆಲಸದವನು ಅಂದ ಕೂಡಲೇ ಸ್ಟೂಲು ಕೊಟ್ಟು ಕೂರಿಸಿದ.

ಅವನ ಮುಂದೆ ಒಂದು ಅರ್ಧ ಎಚ್‌ಪಿ ಪಂಪು ಬಿಚ್ಚಿಟ್ಟಿತ್ತು. ನೋಡಿ ನನಗೆ ಗಾಬರಿಯೇ ಆಯಿತು. ನಮ್ಮ ಕಡೆ ಮೋಟಾರ್ ಸುಟ್ಟು ಬರುತ್ತವೆ. ವೋಲ್ಟೇಜ್ ಇಳಿದಿರುತ್ತದೆ, ಒಂದು ಫೇಸ್ ಹೋಗಿರುತ್ತದೆ, ಇಲ್ಲವೇ ಬೋರಿನಲ್ಲಿ ನೀರಿಲ್ಲದೆ ಒಣಗಿ ಓಡಿರುತ್ತದೆ. ಕಾಯಿಲ್ ಕಪ್ಪಾಗಿ ಕಮಟು ವಾಸನೆ ಹೊಡೆಯುತ್ತದೆ. ಇದು ಸುಟ್ಟಿರಲಿಲ್ಲ. ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಗೆದ್ದಲು ತಿಂದ ಕಟ್ಟಿಗೆಯ ಹಾಗೆ ಆಗಿತ್ತು, ಬೆರಳು ಒತ್ತಿದರೆ ಪುಡಿ ಉದುರುತ್ತಿತ್ತು. ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗದಲ್ಲಿ ಕೆಂಪು ಪದರ ಎದ್ದಿತ್ತು. ತಾಮ್ರದ ತಂತಿಯ ತುದಿ ಹಸಿರುಗಟ್ಟಿತ್ತು.

"ಎಷ್ಟು ವರ್ಷದ್ದು ಇದು?" ಅಂದೆ.

"ಹದಿನಾಲ್ಕು ತಿಂಗಳು ಅಣ್ಣ. ಉಪ್ಪು ನೀರು. ಆ ಬದಿಯ ಬಾವಿಗಳೆಲ್ಲ ಏಪ್ರಿಲ್‌ ಬಂತು ಅಂದ್ರೆ ಉಪ್ಪೇ."

ಯಾವ ಬದಿ ಅಂತ ಕೇಳಿದೆ. ನಾನು ಮುಂಗಡ ಕೊಟ್ಟ ಊರಿನ ಹೆಸರನ್ನೇ ಹೇಳಿದ. ಅಲ್ಲಿಂದ ನೇರ ಆ ಬಾವಿಗೆ ಹೋಗಿ ನೀರು ಬಾಯಿಗೆ ಹಾಕಿಕೊಂಡೆ, ಉಗುಳಿದೆ. ಮುಂಗಡ ವಾಪಸ್ ಬರಲಿಲ್ಲ. ದಲ್ಲಾಳಿ ಫೋನ್ ಎತ್ತುವುದನ್ನೇ ಬಿಟ್ಟ. ದುಡ್ಡು ಹೋದ ನೋವು ನಿಜ, ಆದರೆ ಆ ಬಾವಿಯ ಜೊತೆ ಉಳಿದ ಆಯುಷ್ಯ ಕಳೆಯುವುದು ತಪ್ಪಿತು.

ಆಮೇಲೆ ಆ ಹುಡುಗನ ಹತ್ತಿರ ಎರಡು ಗಂಟೆ ಕೂತೆ. ಒಳ್ಳೆಯ ಬಾವಿ ಉಪ್ಪಾಗೋದು ಯಾಕೆ ಅನ್ನೋದನ್ನು ಅವನು ನನಗೆ ತಿಳಿಸಿಕೊಟ್ಟ. ಸಿಹಿನೀರು ಹಗುರ, ಸಮುದ್ರದ ನೀರು ಭಾರ. ನೆಲದ ಒಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. ಲೆಕ್ಕ ಹೀಗಿದೆ: ಸಮುದ್ರ ಮಟ್ಟಕ್ಕಿಂತ ಬಾವಿ ನೀರು ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಮೇಲಿನ ಆ ಒಂದು ಅಡಿಯನ್ನು ನಾವು ಎತ್ತಿ ಖಾಲಿ ಮಾಡಿದರೆ, ಕೆಳಗಿನ ಉಪ್ಪು ನಲವತ್ತು ಅಡಿ ಮೇಲೆ ಬರುವ ದಾರಿ ಹಿಡಿಯುತ್ತದೆ. ಅಂದರೆ ಜೋರು ಪಂಪು ಹಾಕಿದಷ್ಟೂ ಬಾವಿ ಬೇಗ ಕೆಡುತ್ತದೆ.

ಇದು ನನ್ನನ್ನು ತುಂಬಾ ಕಾಡಿತು. ಮೂವತ್ತು ವರ್ಷ ನಾನು ಜನರಿಗೆ ಹೇಳಿದ್ದು ಇದರ ಉಲ್ಟಾ. ಗದಗ ಕಡೆ 500 ಅಡಿ ಬೋರು ಹೊಡೆಸಿ ಬಂದವರಿಗೆ "ಐದು ಸಾಲದು, ಏಳೂವರೆ ಎಚ್‌ಪಿ ಹಾಕ್ರಿ" ಅಂದಿದ್ದೇನೆ. ಅಲ್ಲಿ ಅದು ಸರಿ, ಆಳದಿಂದ ನೀರು ಎತ್ತಲೇಬೇಕು. ಕರಾವಳಿಯಲ್ಲಿ ಬಾವಿ ಇಪ್ಪತ್ತೈದು ಮೂವತ್ತು ಅಡಿ. ಅಲ್ಲಿ ನಿಧಾನಕ್ಕೆ ಎಳೆಯೋ ಸಣ್ಣ ಪಂಪೇ ಬಾವಿಯನ್ನು ಕಾಯುತ್ತದೆ.

ಅವತ್ತಿನಿಂದ ಊರು ಹುಡುಕುವ ರೀತಿ ಬದಲಾಯಿಸಿದೆ. ದಲ್ಲಾಳಿಗಳನ್ನು ಬಿಟ್ಟು ಮೊದಲು ವೈಂಡಿಂಗ್ ಅಂಗಡಿಗಳಿಗೆ ಹೋದೆ. ಯಾವ ಕಡೆಯಿಂದ ಪಂಪು ಜಾಸ್ತಿ ಬರುತ್ತವೆ? ಸುಟ್ಟು ಬರುತ್ತವಾ, ತುಕ್ಕು ಹಿಡಿದು ಬರುತ್ತವಾ? ಯಾವ ಊರಿನ ಪಂಪನ್ನು ನೀವು ನೋಡಿಯೇ ಇಲ್ಲ? ಈ ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನೇ ಡೈರಿಯಲ್ಲಿ ಬರೆದುಕೊಳ್ಳುತ್ತ ಹೋದೆ. ರಿಪೇರಿಗೆ ಬಾರದ ಪಂಪು ಇರುವ ಊರಲ್ಲಿ ನೀರು ಚೆನ್ನಾಗಿದೆ, ಕರೆಂಟೂ ತಕ್ಕಮಟ್ಟಿಗೆ ಇದೆ ಅಂತ ಅರ್ಥ. ಮಾರುವವರು ಹೇಳದ್ದನ್ನು ರಿಪೇರಿಯವರು ಹೇಳುತ್ತಾರೆ. ನಿಮ್ಮ ಕಸುಬು ಬೇರೆ ಇದ್ದರೂ ಪರವಾಗಿಲ್ಲ, ಆ ಊರಿನ ಪ್ಲಂಬರ್, ಹೆಂಚು ಹೊದಿಸುವವರು, ಫ್ರಿಜ್ ರಿಪೇರಿಯವರು, ಇವರ ಹತ್ತಿರ ಒಂದು ತಾಸು ಕೂತು ಮಾತಾಡಿ.

ಜೊತೆಗೆ ಪೆನ್ನಿನಂಥ ಒಂದು ಟಿಡಿಎಸ್ ಮೀಟರ್ ಕೊಂಡೆ. ನೀರಲ್ಲಿ ಅದ್ದಿದರೆ ಕರಗಿದ ಲವಣ ಎಷ್ಟು ಅಂತ ತೋರಿಸುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು ಅನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 2,000 ತನಕ ಒಪ್ಪಬಹುದು. ಸಮುದ್ರದ ನೀರು ಸುಮಾರು 35,000. ಮೇ ತಿಂಗಳ ಎರಡನೇ ವಾರ, ಬಾವಿ ತಳ ಕಾಣುವ ಹೊತ್ತಲ್ಲಿ, ಮೂರೂ ತಾಲ್ಲೂಕು ಸುತ್ತಿ ಇಪ್ಪತ್ತಾರು ಬಾವಿ ಅಳೆದೆ. ಹೊಳೆಯ ಬಾಯಿ ಹತ್ತಿರದ ಒಂದು ಬಾವಿ 2,300 ತೋರಿಸಿತು. ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗೆ, ಗುಡ್ಡದ ಬುಡದ ಚಿರೆಕಲ್ಲಿನ ಬಾವಿ 70 ತೋರಿಸಿತು. ಮೀಟರ್ ಕೆಟ್ಟಿದೆ ಅಂದುಕೊಂಡು ಮೂರು ಸಲ ಅದ್ದಿ ನೋಡಿದೆ. ಸರಿಯಾಗೇ ಇತ್ತು. ಮಳೆ ನೀರು ಚಿರೆಕಲ್ಲಿನಲ್ಲಿ ಇಳಿದು ಬಂದರೆ ಲವಣ ಅಷ್ಟು ಕಡಿಮೆ ಇರುತ್ತದೆ. ಕಿನಾರೆಯಿಂದ ದೂರ ಎಷ್ಟು ಅನ್ನೋದಕ್ಕಿಂತ, ಉಬ್ಬರದ ನೀರು ಹೊಳೆ, ಹಳ್ಳಗಳಲ್ಲಿ ಎಲ್ಲಿ ತನಕ ಹತ್ತುತ್ತದೆ ಅನ್ನೋದು ಮುಖ್ಯ. ಅಘನಾಶಿನಿಯಲ್ಲಿ ಅದು ಒಳಗೆ ಬಹಳ ದೂರ ಬರುತ್ತದೆ.

ನೀರಿನ ಲೆಕ್ಕದಲ್ಲಿ ಅಂಕೋಲಾ, ಕುಮಟಾ ಎರಡೂ ಪಾಸಾದವು. ನನ್ನ ಮನಸ್ಸು ಅಂಕೋಲಾ ಕಡೆ ಇತ್ತು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸುಮಾರು 140 ಕಿಲೋಮೀಟರ್. 1930ರ ಉಪ್ಪಿನ ಸತ್ಯಾಗ್ರಹದ ಊರು. ಕರಿ ಇಶಾಡ ಮಾವಿನ ರುಚಿ ಬೇರೆ. ಆದರೂ ಮಳೆಗಾಲ ನೋಡದೆ ಯಾವುದನ್ನೂ ಒಪ್ಪಬಾರದು ಅಂತ ಹೊನ್ನಾವರದ ಹುಡುಗ ಹೇಳಿದ್ದ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಕರಾವಳಿಯಲ್ಲಿ 3,000 ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. 2024ರ ಜೂನ್‌ನಲ್ಲಿ ಕುಮಟಾದಲ್ಲಿ ಮೂರು ತಿಂಗಳಿಗೆ ಬಾಡಿಗೆ ಮನೆ ಹಿಡಿದೆವು. ಅಂಕೋಲಾದಲ್ಲಿ ಮನೆ ಸಿಗದ್ದಕ್ಕೆ ಕುಮಟಾ, ಅಷ್ಟೇ.

ಮೊದಲ ತಿಂಗಳು ಹೆಂಡತಿಗೆ ಕಷ್ಟವಾಯಿತು. ಕಪಾಟಿನಲ್ಲಿದ್ದ ಬಟ್ಟೆಗೆ ಬೂಸ್ಟು. ಹುಬ್ಬಳ್ಳಿಯಿಂದ ತಂದ ಜೋಳದ ಹಿಟ್ಟು ಎಂಟೇ ದಿನಕ್ಕೆ ಮುಗ್ಗಲು ಬಂದು ಕಹಿಯಾಯಿತು. ಅಲ್ಲಿನ ಗಿರಣಿಯಲ್ಲಿ ಅಕ್ಕಿ, ಗೋಧಿ ಬೀಸುತ್ತಾರೆ, ಜೋಳ ತಂದವರು ನಾವೇ ಮೊದಲು. ಹದಿನೈದು ದಿನ ರೊಟ್ಟಿ ಇಲ್ಲದೆ ಕುಚ್ಚಲಕ್ಕಿ ಅನ್ನ ಉಂಡೆವು. "ಹೊಟ್ಟಿ ತುಂಬತೈತಿ, ಉಂಡಂಗ ಆಗವಲ್ದು" ಅಂದಳು. ಅದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಹುಬ್ಬಳ್ಳಿಗೆ ಹೋಗಿ ಒಂದು ಎಚ್‌ಪಿಯ ಮನೆ ಗಿರಣಿ ತಂದು ಹಾಕಿಕೊಟ್ಟೆ. ಜೋಳವನ್ನು ಚೆನ್ನಾಗಿ ಒಣಗಿಸಿ ಗಾಳಿ ಆಡದ ಡಬ್ಬಿಯಲ್ಲಿ ಇಡುತ್ತಾಳೆ, ಮೂರು ದಿನಕ್ಕೆ ಬೇಕಾದಷ್ಟೇ ಬೀಸಿಕೊಳ್ಳುತ್ತಾಳೆ. ನಮ್ಮ ಕಡೆಯಿಂದ ಕರಾವಳಿಗೆ ಹೋಗುವವರು ಇದನ್ನು ಮೊದಲೇ ಯೋಚಿಸಿ. ಊಟ ಒಗ್ಗದಿದ್ದರೆ ಊರು ಒಗ್ಗೋದಿಲ್ಲ.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿದ್ದವರು, ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿಗೆ ಹೋದವು. ಒಂದು ಲಾರಿ ಹೊಳೆಯಿಂದ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಎಷ್ಟೋ ಸಲ ನಾವೂ ಅದೇ ದಾರಿಯಲ್ಲಿ ಹೋಗಿದ್ದೆವು. ಅವತ್ತು ಮನೆಯಲ್ಲಿ ಇಬ್ಬರಿಗೂ ಊಟ ಸೇರಲಿಲ್ಲ.

ಆ ರಾತ್ರಿ ಕರೆಂಟು ಇರಲಿಲ್ಲ. ಮೇಣದ ಬತ್ತಿ ಹಚ್ಚಿಟ್ಟು, ಕಿರಾಣಿ ಚೀಟಿಯ ಹಿಂದೆ ಒಂದೊಂದು ಊರಿನಿಂದ ಹುಬ್ಬಳ್ಳಿಗೆ ಎಷ್ಟು ದಾರಿ ಅಂತ ಗೀಟು ಎಳೆದು ನೋಡಿದೆವು. ಅವಳಿಗೆ ಬಿಪಿ ಇದೆ. ಸಣ್ಣಪುಟ್ಟದಕ್ಕೆ ತಾಲ್ಲೂಕಿನಲ್ಲೇ ಡಾಕ್ಟರು ಇದ್ದಾರೆ, ಹೃದಯ, ಮೆದುಳಿನ ತೊಂದರೆ ಅಂದರೆ ಮಣಿಪಾಲ ಇಲ್ಲವೇ ಹುಬ್ಬಳ್ಳಿಯೇ ಗತಿ. ಅಂಕೋಲಾದಿಂದ ಹುಬ್ಬಳ್ಳಿ ಹತ್ತಿರ, ಆದರೆ ನೇರ ದಾರಿ ಅರಬೈಲ್ ಒಂದೇ, ಮಳೆಗಾಲದಲ್ಲಿ ಅಲ್ಲೂ ಮಣ್ಣು ಜರಿದದ್ದಿದೆ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿದರೆ ಸಾಗರಕ್ಕೆ ಹೋಗುತ್ತೇವೆ, ನಮಗೆ ಸುತ್ತು. ಕುಮಟಾದಿಂದ ಅಂಕೋಲಾ, ಯಲ್ಲಾಪುರದ ಮೇಲೆ ಒಂದು ದಾರಿ. ದೇವಿಮನೆ ಘಟ್ಟ ಹತ್ತಿ ಶಿರಸಿ, ಮುಂಡಗೋಡ, ತಡಸದ ಮೇಲೆ ಇನ್ನೊಂದು. ರೈಲಿನಲ್ಲಿ ಮಡಗಾಂವಿಗೆ ಹೋಗಿ ಲೋಂಡಾ, ಧಾರವಾಡದ ಮೇಲೆ ಬಂದರೆ ಮೂರನೆಯದು. ಶಿರಸಿ ರಸ್ತೆಯೂ ಪೂರಾ ನಂಬುವಂಥದ್ದಲ್ಲ. ಕತಗಾಲದ ಹತ್ತಿರ ಚಂಡಿಕಾ ಹೊಳೆ ಉಕ್ಕಿದರೆ ಅದೂ ನಿಲ್ಲುತ್ತದೆ. ಆದರೂ ಒಂದು ಮುಚ್ಚಿದರೆ ಇನ್ನೊಂದನ್ನು ನೋಡಬಹುದು. ಹೆಂಡತಿ ಚೀಟಿ ಮಡಚಿ, "ಇಲ್ಲೇ ಇರೂಣ್ರೀ" ಅಂದಳು. ಬೂಸ್ಟು ಕಂಡು ಅತ್ತವಳೇ ಹಾಗೆ ಅಂದಳು.

ಜಾಗದ ಕಾಗದಗಳಲ್ಲಿ ಎರಡು ವಿಷಯ ನಮ್ಮ ಕಡೆಯವರಿಗೆ ಹೊಸದು. ಒಂದು, ಸಮುದ್ರದ ದಂಡೆಗೆ ಅಷ್ಟೇ ಅಲ್ಲ, ಉಬ್ಬರ ಹತ್ತುವ ಹೊಳೆಯ ದಂಡೆಗೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ಮನೆ ಕಟ್ಟಲು ಅಡ್ಡಿ ಬರಬಹುದು. ಎರಡು, ಮನೆಯ ಹಿಂದಿನ ಬೆಟ್ಟವನ್ನು ಸೇರಿಸಿ ಜಾಗ ತೋರಿಸುತ್ತಾರೆ, ಆದರೆ ಆ ಬೆಟ್ಟ ಅರಣ್ಯಕ್ಕೆ ಸೇರಿದ್ದಿರಬಹುದು. ಪಹಣಿ, ನಕ್ಷೆ ಹಿಡಿದು ಸರ್ವೆಯವರನ್ನು ಕರೆಸಿ ಗಡಿ ಅಳೆಸಿಯೇ ದುಡ್ಡು ಕೊಡಿ. ನಾವು ಹಾಗೇ ಮಾಡಿದೆವು.

2025ರ ಫೆಬ್ರವರಿಯಲ್ಲಿ ಮನೆ ನಮ್ಮದಾಯಿತು. ಕುಮಟಾ ಪೇಟೆಯಿಂದ ಒಳಗೆ, ಐದು ಗುಂಟೆ, ಮೂವತ್ತು ಅಡಿಯ ಚಿರೆಕಲ್ಲಿನ ಬಾವಿ. ಇಲ್ಲಿಂದ ಸಮುದ್ರ ಕಾಣುವುದಿಲ್ಲ. ಅಲೆಯ ಸದ್ದಿನ ಆಸೆ ಬಿಟ್ಟೇ ಕೊಂಡೆ. ಆಷಾಢದಲ್ಲಿ ಒಂದು ರಾತ್ರಿ ಮಳೆ ಸ್ವಲ್ಪ ನಿಂತಾಗ ದೂರದಿಂದ ಒಂದೇ ಸಮ ಮೊರೆತ ಕೇಳಿತು. ಲಾರಿ ಹೋಗುತ್ತಿರಬೇಕು ಅಂದುಕೊಂಡೆ. ಪಕ್ಕದ ಮನೆಯ ಅಜ್ಜ ಮುಂಜಾನೆ ಹೇಳಿದರು, ಅದು ಸಮುದ್ರ, ಪಡುವಣ ಗಾಳಿ ಇದ್ದಾಗ ಇಲ್ಲಿ ತನಕ ಕೇಳುತ್ತದೆ ಅಂತ.

ಅದೇ ಅಜ್ಜನ ಮಗ ಬಾವಿಗೆ ಎರಡು ಎಚ್‌ಪಿ ಪಂಪು ತರಲು ಹೊರಟಿದ್ದ. ತೋಟಕ್ಕೆ ಬೇಗ ನೀರು ಆಗಲಿ ಅನ್ನೋದು ಅವನ ವಿಚಾರ. ನಮ್ಮ ಎರಡು ಬಾವಿಗಳ ನಡುವೆ ಇರೋದು ನಲವತ್ತು ಹೆಜ್ಜೆ. ಅವನನ್ನು ಕೂರಿಸಿ ಹೊನ್ನಾವರದಲ್ಲಿ ನೋಡಿದ ಆ ಇಂಪೆಲ್ಲರಿನ ಫೋಟೋ ತೋರಿಸಿದೆ, ನಲವತ್ತು ಅಡಿಯ ಲೆಕ್ಕ ಹೇಳಿದೆ. ನನ್ನ ಹತ್ತಿರ ಇದ್ದ ಅರ್ಧ ಎಚ್‌ಪಿ ಮೋಟಾರ್‌ಗೆ ಹೊಸ ಬೇರಿಂಗ್ ಹಾಕಿ, ಕರೆಂಟು ಸೋರುತ್ತದಾ ಅಂತ ಮೆಗ್ಗರ್ ಮೀಟರ್ ಹಿಡಿದು ನೋಡಿ ಅವನಿಗೆ ಕೂರಿಸಿಕೊಟ್ಟೆ. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಓಡಿಸುತ್ತಾನೆ. ಅಡಿಕೆಗೆ ಅಷ್ಟು ಸಾಕಾಗುತ್ತಿದೆ.

ಈ ಬಾವಿಯನ್ನು ಕೊಳ್ಳುವ ಮೊದಲು ಮೇ ತಿಂಗಳಲ್ಲಿ ಅಳೆದಾಗ 70 ಇತ್ತು. ಕೊಂಡ ಮೇಲೆ, 2025ರ ಮೇ 10ಕ್ಕೆ, 74 ಬಂತು. ಎರಡನ್ನೂ ಬಾವಿಕಟ್ಟೆಯ ಪಕ್ಕದ ಗೋಡೆ ಮೇಲೆ ತಾರೀಕಿನ ಜೊತೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಕೆಳಗೆ ಇನ್ನೂ ಜಾಗ ಬಿಟ್ಟಿದ್ದೇನೆ.