ಕೆನಡಾ ಪಿಆರ್: ಕನ್ನಡದ ಮದುವೆ ಪ್ರಮಾಣಪತ್ರ ಅಪ್‌ಲೋಡ್ ಆದದ್ದು ಹೀಗೆ

ಕಲಬುರಗಿಯಿಂದಲೇ ನಾವಿಬ್ಬರೂ ಪಿಆರ್‌ಗಾಗಿ (ಕಾಯಂ ವಾಸದ ಅನುಮತಿ) ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕೆನಡಾ ಸರ್ಕಾರದ ಆನ್‌ಲೈನ್ ವಲಸೆ ವ್ಯವಸ್ಥೆಯಲ್ಲಿ, ಅರ್ಜಿ ಹಾಕಿದೆವು. ಆಹ್ವಾನ ಬಂದ ಮೇಲೆ ದಾಖಲೆಗಳ ಸಮೇತ ಪೂರ್ತಿ ಅರ್ಜಿ ಸಲ್ಲಿಸಲು ಸಿಗೋದು 60 ದಿನ ಮಾತ್ರ. ನಮ್ಮ ಮದುವೆ ಪ್ರಮಾಣಪತ್ರ ಕನ್ನಡದಲ್ಲಿತ್ತು. ಸ್ಕ್ಯಾನ್ ಬೇರೆ 4 ಎಂಬಿ ಮಿತಿ ದಾಟಿ, ಅಪ್‌ಲೋಡ್ ಆಗುತ್ತಿರಲಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಕುಗ್ಗಿಸಿದರೆ ಸೀಲಿನ ಅಕ್ಷರ ಮಸುಕಾಯಿತು. ಮಾಮಾ ಇಂಗ್ಲಿಷ್‌ಗೆ ಚೆನ್ನಾಗಿಯೇ ಅನುವಾದಿಸಿಕೊಟ್ಟರು. ಆದರೆ ಮನೆಯವರ, ಸಂಬಂಧಿಕರ ಅನುವಾದ ನಡೆಯಲ್ಲ, ನೋಟರಿ ಮಾಡಿಸಿದರೂ ಅಷ್ಟೇ.

ಸರಿಹೋದದ್ದು ಹೀಗೆ. ಸಂಬಂಧಿಕರಲ್ಲದ ಅನುವಾದಕರಿಂದ ಮಾಡಿಸಿದೆವು. ಪತ್ರದ ಮಾತಷ್ಟೇ ಅಲ್ಲ, ಸೀಲು, ಮುದ್ರೆಯ ಮೇಲಿರೋದನ್ನೂ ಅನುವಾದಿಸಬೇಕು. ಇದು ಸುಲಭವಾಗಿ ಬಿಟ್ಟುಹೋಗುತ್ತೆ ಅಲ್ವಾ, ಹಾಗಾಗಿ ಎರಡು ಸಲ ನೋಡಿ. ಅದೇ ಅನುವಾದಕರು ನೋಟರಿ ಮುಂದೆ ಅಫಿಡವಿಟ್ (ಅನುವಾದ ಸರಿಯಿದೆ ಎಂದು ಪ್ರಮಾಣ ಮಾಡಿದ ಹೇಳಿಕೆ) ಮಾಡಿಕೊಟ್ಟರು. ಮೊದಲು ಅನುವಾದ, ನಂತರ ಅಫಿಡವಿಟ್, ಕೊನೆಗೆ ಮೂಲದ ದೃಢೀಕೃತ ನಕಲು. ಮೂರನ್ನೂ 200 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಇಟ್ಟು, ಬಣ್ಣವಿಲ್ಲದ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಆಗಿ ಸೇರಿಸಿದೆವು. ಸೀಲು ಓದಲು ಬಂತು, ಗಾತ್ರವೂ 4 ಎಂಬಿಯೊಳಗೆ ಉಳಿಯಿತು, ಅಪ್‌ಲೋಡ್ ಆಯಿತು.