ಬಹಳ ವರ್ಷಗಳ ಮೇಲೆ ಪಾಪನಿವೇದನೆಗೆ ಹೋಗುವವರಿಗೆ

ಹರಿಹರದ ಆರೋಗ್ಯಮಾತೆಯ, ಅಂದರೆ ಮಾತೆ ಮರಿಯಮ್ಮನ ಹಬ್ಬ ಸೆಪ್ಟೆಂಬರ್ 8ಕ್ಕೆ. ಪಾಪನಿವೇದನೆಯನ್ನು, ಅಂದರೆ ಕಥೋಲಿಕರು ಚರ್ಚಿನ ಗುರುಗಳ ಮುಂದೆ ಪಾಪ ಹೇಳಿ ದೇವರ ಕ್ಷಮೆ ಪಡೆಯುವುದನ್ನು, ಆ ದಿನದವರೆಗೆ ಮುಂದೂಡಬೇಡಿ. ಹಿಂದೆ ಉದ್ದ ಸಾಲು ನಿಂತಿರುವಾಗ ಗುರುಗಳಿಗೆ ನಿಧಾನವಾಗಿ ಕೇಳಲು ಆಗದು, ನಿಮಗೂ ಬಾಯಿ ಬಾರದು. ಹಬ್ಬಕ್ಕೆ ಮುಂಚೆಯೇ ಫೋನ್ ಮಾಡಿ, "ಫಾದರ್, ತುಂಬಾ ವರ್ಷ ಆಗಿದೆ, ಅರ್ಧ ಗಂಟೆ ಬೇಕು" ಎಂದು ಕೇಳಿ. ಫೋನಿನಲ್ಲಿ ಸಮಯ ಮಾತ್ರ ಗೊತ್ತು ಮಾಡಿಕೊಳ್ಳಿ. ಅಲ್ಲೇ ಪಾಪ ಹೇಳಿದರೆ ಅದು ಚರ್ಚಿನ ಪವಿತ್ರ ಸಂಸ್ಕಾರವಾಗುವುದಿಲ್ಲ. ದಾವಣಗೆರೆಯ ನಿಮ್ಮ ಗುರುಗಳಿಗೆ ಮನೆಮಂದಿಯೆಲ್ಲ ಪರಿಚಯ ಎಂಬ ಸಂಕೋಚವಿದ್ದರೆ ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿ, ತಪ್ಪಿಲ್ಲ. ಮುಖ ಕಾಣದಂತೆ ಜಾಲರಿಯ ಹಿಂದಿನಿಂದ ಹೇಳುವುದೂ ನಿಮ್ಮ ಹಕ್ಕು.

ಹಿಂದಿನ ರಾತ್ರಿ ಬೈಬಲಿನ ದಶಾಜ್ಞೆಗಳನ್ನು ಒಂದೊಂದಾಗಿ ಓದುತ್ತಾ ನೆನಪಿಸಿಕೊಳ್ಳಿ. ಬೇಕಾದರೆ ಚೀಟಿ ಬರೆದುಕೊಳ್ಳಿ, ಆಮೇಲೆ ಹರಿದುಹಾಕಿ. ವಿಷಯ ಗಂಭೀರವಾಗಿದ್ದು, ತಪ್ಪೆಂದು ಗೊತ್ತಿದ್ದೂ, ಮನಸ್ಸು ಮಾಡಿ ಮಾಡಿದ್ದರೆ ಅದು ಮಾರಕ ಪಾಪ. ಅಂಥವು ಯಾವುವು, ಎಷ್ಟು ಸಲ, ಎರಡನ್ನೂ ಹೇಳಲೇಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. "ಪ್ರಾಮಾಣಿಕವಾಗಿ ಇರಲಿಲ್ಲ" ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. "ಕೆಲಸದ ಅಂಗಡಿಯ ಗಲ್ಲಾದಿಂದ ಒಂದು ವರ್ಷ, ತಿಂಗಳಿಗೆ ಎರಡು ಮೂರು ಸಲ ದುಡ್ಡು ತೆಗೆದೆ" ಎನ್ನಿ, ಸಾಕು. ಮಾಲೀಕರು ಸಂಬಳ ಸರಿಯಾಗಿ ಕೊಡುತ್ತಿರಲಿಲ್ಲ ಎಂದು ಶುರುಮಾಡಿದರೆ ಅವರ ಪಾಪ ಹೇಳತೊಡಗಿದಿರಿ ಎಂದೇ ಅರ್ಥ. ಲೆಕ್ಕ ನೆನಪಿಲ್ಲದಿದ್ದರೆ ಅಂದಾಜು ಹೇಳಿ. ನಿಜವಾಗಿ ಮರೆತ ಪಾಪಕ್ಕೂ ಕ್ಷಮೆಯಿದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ನಾಚಿಕೆಯಿಂದ ಬೇಕೆಂದೇ ಮಾರಕ ಪಾಪ ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆಯೇ ವ್ಯರ್ಥ. ನಾಲಿಗೆ ಏಳದಿದ್ದರೆ "ಫಾದರ್, ಒಂದು ವಿಷಯ ಹೇಳೋಕೆ ಆಗ್ತಿಲ್ಲ" ಎಂದಷ್ಟೇ ಹೇಳಿ. ಅವರೇ ಕೇಳಿ ಹೊರತರುತ್ತಾರೆ.

ಪಶ್ಚಾತ್ತಾಪದ ಪ್ರಾರ್ಥನೆ ಮರೆತಿದ್ದರೆ ನಿಮ್ಮ ಮಾತಿನಲ್ಲೇ ಹೇಳಬಹುದು. ಕೊಟ್ಟ ಪ್ರಾಯಶ್ಚಿತ್ತ ನಿಮ್ಮಿಂದಾಗದು ಅನಿಸಿದರೆ ಅಲ್ಲೇ ತಿಳಿಸಿ, ಬದಲಿಸಿಕೊಡುತ್ತಾರೆ. ಆದರೆ ಕ್ಷಮೆ ಸಿಕ್ಕಿತೆಂದು ಗಲ್ಲಾದ ದುಡ್ಡು ನಿಮ್ಮದಾಗದು. ಹೆಸರು ಹೇಳದೆಯಾದರೂ, ಕಂತಿನಲ್ಲಾದರೂ ಹಿಂದಿರುಗಿಸಬೇಕು.

ಕುಡಿತ, ದಾಂಪತ್ಯದ ಬಿರುಕಿನಂಥ ವಿಷಯಗಳಿಗೆ ಒಂದು ನಿವೇದನೆ ಸಾಲದು. ಸಲಹೆಗೆ ಬೇರೆಯೇ ದಿನ ಕೇಳಿ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಪೊಲೀಸರಿಗಾಗಲಿ, ಬಿಷಪ್ಪರಿಗಾಗಲಿ, ನಿಮ್ಮ ಹೆಂಡತಿಗಾಗಲಿ ಹೇಳುವಂತಿಲ್ಲ. ನಿಮ್ಮ ಅನುಮತಿಯಿಲ್ಲದೆ ನಿಮ್ಮ ಮುಂದೆಯೂ ಆ ಮಾತು ಎತ್ತುವಂತಿಲ್ಲ. ಹಾಗಾಗಿ ಸಲಹೆಗೆ ಕೂತಾಗ ಅವರು ಸುಮ್ಮನಿದ್ದರೆ ಮರೆತಿದ್ದಾರೆ ಅಂದುಕೊಳ್ಳಬೇಡಿ. "ಅವತ್ತು ಹೇಳಿದ್ದೆನಲ್ಲ, ಅದರ ಬಗ್ಗೆ ಮಾತಾಡಬೇಕು" ಎಂದು ನೀವೇ ಶುರುಮಾಡಿ.