ಅಂಗಡಿಯ ನಂಬರ್ ಬೇರೆಯೇ ಇರಲಿ

ಸ್ನೇಹಿತರೇ, 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯ್ತು, ಅದೇ ವರ್ಷ ಯುಪಿಐ ಕೂಡ ಶುರುವಾಯ್ತು. ಈಗ ಎಷ್ಟೋ ಗಿರಾಕಿಗಳು ಅಂಗಡಿಗೆ ಕಾಲಿಡುವ ಮೊದಲೇ ಫೋನಿನಲ್ಲಿ ನಮ್ಮನ್ನು ಹುಡುಕಿರ್ತಾರೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಹೆಸರು, ಬಾಗಿಲು ತೆಗೆಯುವ ಹೊತ್ತು, ವಾರದ ರಜೆ ಸರಿಯಾಗಿ ಹಾಕಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ವ್ಯಾಪಾರಕ್ಕೆಂದೇ ಬೇರೆ ಸಿಮ್ ತಗೊಂಡು ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳುವುದು. ಸಾಮಾನಿನ ಫೋಟೊ, ಬೆಲೆ ಎಲ್ಲ ಕ್ಯಾಟಲಾಗ್‌ನಲ್ಲಿದ್ದರೆ ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಕೊಡುವುದು ತಪ್ಪುತ್ತೆ. ನಾನು ಮೊದಲು ಸ್ವಂತ ನಂಬರೇ ಕೊಟ್ಟಿದ್ದೆ. ಫೋನ್ ಕೆಟ್ಟ ದಿನ ಆರ್ಡರ್‌ಗಳೆಲ್ಲ ಹೋದವು. ಅಂದಿನಿಂದ ಬ್ಯಾಕಪ್ ತಪ್ಪಿಸಿಲ್ಲ. 6 ಅಂಕಿಯ ಪಿನ್ ಹಾಕಿ ವಾಟ್ಸ್ಆ್ಯಪ್ ಅಕೌಂಟ್ ಭದ್ರ ಮಾಡಿ. ಒಟಿಪಿ ಯಾರಿಗೂ ಹೇಳಬಾರದೆಂದು ಕೆಲಸದ ಹುಡುಗರಿಗೂ ಬಿಡಿಸಿ ಹೇಳಿ.

ಹಣ ಬಂತೆಂದು ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ನಿಮ್ಮ ಆ್ಯಪ್‌ನಲ್ಲೋ ಸೌಂಡ್‌ಬಾಕ್ಸ್‌ನಲ್ಲೋ ಖಚಿತವಾಗಲಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಇದನ್ನಂತೂ ಮರೆಯಲೇಬೇಡಿ.

ಇನ್ನೊಂದು, ಗಿರಾಕಿಗಳ ನಂಬರ್ ನಮ್ಮನ್ನು ನಂಬಿ ಕೊಟ್ಟದ್ದು. ಕೇಳದೆ ಆಫರ್ ಮೆಸೇಜ್ ಕಳಿಸಬೇಡಿ, ಬೇರೆಯವರಿಗೆ ಹಂಚಬೇಡಿ. 2023ರಲ್ಲಿ ಇದಕ್ಕಾಗಿಯೇ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನೂ ಬಂದಿದೆ. ಕ್ಯಾಟಲಾಗ್ ಮಾಡಲು ತೊಡಕಾದವರು ಇಲ್ಲೇ ಕೇಳಿ, ಹೇಳಿಕೊಡ್ತೀನಿ.